ಚಿತ್ರದುರ್ಗ ಕೋಟೆಯ ಫೋಟೋಗಳನ್ನ, ಫೋಟೋ ಮಾರೋ ಸ್ಟಾಕ್ ಸೈಟ್‌ನವರು ‘ನಾಯ್ಸ್’ (ಕಾಳುಕಾಳು ಕಲೆ) ಅಂತ ವಾಪಸ್ ಕಳಿಸ್ತಿದಾರೆ. 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ ಬಿಟ್ಟು ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ತಗೊಳ್ಳಲೇ?

ಬೇಡ, ದುಡ್ಡು ಉಳಿಸಿ. ಅಡೋಬ್ ಸ್ಟಾಕ್, ಶಟರ್‌ಸ್ಟಾಕ್ ಎರಡೂ ಕೇಳೋದು ಕನಿಷ್ಠ 4 ಮೆಗಾಪಿಕ್ಸೆಲ್. ನಾನೂ ಇದೇ ಕೋಟೇಲಿ ಸ್ಟಾಕ್‌ಗೆ ಅಂತ ತೆಗೆಯೋನು. ನನ್ನ ಪ್ರಕಾರ ಇಂಥ ಫೋಟೋ ಕೆಡೋದು ಕ್ಯಾಮೆರಾದಿಂದ ಅಲ್ಲ, ಎಡಿಟಿಂಗ್‌ನಲ್ಲಿ ನೆರಳು ಬೆಳಗಿಸೋ ಶ್ಯಾಡೋಸ್ ಸ್ಲೈಡರ್ ಎಳೆಯೋದರಿಂದ.

ಮಧ್ಯಾಹ್ನ ಒನಕೆ ಓಬವ್ವನ ಕಿಂಡಿ ಹತ್ರ ಬಂಡೆ ಸಂದು ಕಪ್ಪು, ಆಕಾಶ ಬಿಳಿ. ಆಕಾಶ ಉಳಿಸೋಕೆ ಎಕ್ಸ್‌ಪೋಶರ್ ತಗ್ಗಿಸ್ತೀರಿ, ಮನೆಗೆ ಬಂದು ನೆರಳನ್ನ ಮೇಲೆತ್ತುತೀರಿ. ಮೂರು ಸ್ಟಾಪ್ (ಒಂದೊಂದಕ್ಕೂ ಬೆಳಕು ಅರ್ಧ) ತಗ್ಗಿಸಿದರೆ ಸೆನ್ಸರ್‌ಗೆ ಸಿಕ್ಕಿದ್ದು ಎಂಟನೇ ಒಂದು ಭಾಗ ಬೆಳಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಲ್ಲೇ ತೆಗೆದಿದ್ದರೂ ಎತ್ತಿದ ಜಾಗ ಸುಮಾರು 800ರ ಹಾಗೆ ಕಾಳುಕಾಳು. ಅದಕ್ಕೆ ನಾಯ್ಸ್ ರಿಡಕ್ಷನ್ ಕೊಟ್ಟರೆ ಬಂಡೆ ಮೇಣ ಮೆತ್ತಿದ ಹಾಗಾಗುತ್ತೆ. ಅದನ್ನ ಸರಿಮಾಡೋಕೆ ಶಾರ್ಪನಿಂಗ್ ಏರಿಸಿದರೆ ಬಂಡೆ ಅಂಚಿಗೆ ಬಿಳಿ ಗೆರೆ ಕೂರುತ್ತೆ. ಒಂದು ತಪ್ಪು ಮುಚ್ಚೋಕೆ ಹೋಗಿ ಮೂರು.

ಇನ್ನೊಂದು ತೊಡಕು ನಮ್ಮೂರ ಬಂಡೆಯದೇ. ಅದಕ್ಕೆ ಸ್ವಂತ ಹರಳಿನ ಕಾಳಿದೆ, 100% ಝೂಮ್‌ನಲ್ಲಿ ಅದೂ ನಾಯ್ಸ್ ಥರಾನೇ ಕಾಣುತ್ತೆ. ಹಾಗಾಗಿ ನಾಯ್ಸ್ ಹುಡುಕಬೇಕಾದ್ದು ಬಂಡೆ ಮೇಲಲ್ಲ, ಬರೀ ಆಕಾಶದಲ್ಲಿ, ಸಂದಿನ ನೆರಳಲ್ಲಿ. ರಿಡಕ್ಷನ್ ಕೊಡೋದಾದ್ರೆ ಮಾಸ್ಕ್ ಹಾಕಿ (ಆ ಜಾಗ ಮಾತ್ರ ಆಯ್ದು) ಅಲ್ಲಿಗಷ್ಟೇ ಕೊಡಿ. ಸ್ಕ್ರೀನ್‌ಗೆ ಹೊಂದಿಸಿ ನೋಡಿದರೆ ಇದ್ಯಾವುದೂ ಕಾಣಲ್ಲ, 100%ರಲ್ಲೇ ಮೂಲೆಮೂಲೆ ಸರಿಸಿ ನೋಡಬೇಕು.

ರಾನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೀರಿ. ಬೆಳಿಗ್ಗೆ ಬೇಗ ಹೋದರೆ ಬೆಳಕಿನ ಅಂತರ ಕಡಿಮೆ. ಮಧ್ಯಾಹ್ನವೇ ಬೇಕಂದ್ರೆ –2, 0, +2 ಬ್ರಾಕೆಟ್ ಮಾಡಿ (ಬೇರೆಬೇರೆ ಎಕ್ಸ್‌ಪೋಶರ್‌ನ ಮೂರು ಫೋಟೋ), ಒಂದಾಗಿ ಮರ್ಜ್ ಮಾಡಿ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆ ಅನುಮತಿ ಬೇಕು, ಆದ್ದರಿಂದ ಕ್ಯಾಮೆರಾನ ಗೋಡೆಗೆ ಒತ್ತಿ ಹಿಡಿದು ಬರ್ಸ್ಟ್‌ನಲ್ಲಿ ತೆಗೆಯೋದೇ ವಾಸಿ. ಗಾಳಿಗೆ ಅಲ್ಲಾಡೋ ಎಲೆ ಇದ್ದರೆ ಮರ್ಜ್ ಕೆಡುತ್ತೆ, ಒಂದೇ ಫ್ರೇಮ್ ಸಾಕು. ಒಂದು ಸ್ಟಾಪ್‌ಗಿಂತ ಹೆಚ್ಚು ನೆರಳು ಎತ್ತೋದು ನನಗೆ ಒಪ್ಪಿಗೆಯಿಲ್ಲ.

ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8 ಇರಲಿ. ಎಫ್/16ಕ್ಕೆ ಹೋದರೆ ಕಿಂಡಿ ಕಿರಿದಾಗಿ, ಬೆಳಕು ಹರಡೋ ಡಿಫ್ರ್ಯಾಕ್ಷನ್‌ನಿಂದ ಚಿತ್ರ ಮೆತ್ತಗಾಗುತ್ತೆ, ಸೆನ್ಸರ್ ಧೂಳು ಆಕಾಶದಲ್ಲಿ ಚುಕ್ಕೆಯಾಗಿ ಎದ್ದು ಕಾಣುತ್ತೆ. ಬಂಡೆ ನೆತ್ತಿಯ ನೇರಳೆ-ಹಸಿರು ಅಂಚು ಕ್ರೋಮ್ಯಾಟಿಕ್ ಅಬರೇಶನ್, ಲೆನ್ಸ್ ಕರೆಕ್ಷನ್‌ನಲ್ಲಿ ಒಂದು ಟಿಕ್‌ಗೆ ಬಹುತೇಕ ಹೋಗುತ್ತೆ. ಬಿಸಿಲು ಹೊತ್ತಲ್ಲಿ ಟೆಲಿ ಲೆನ್ಸ್ ಹಾಕಿ ದೂರದ ಗಾಳಿಯಂತ್ರ ತೆಗೆಯೋಕೆ ಹೋಗಬೇಡಿ. ಕಾದ ಗಾಳಿ ನಡುಗಿ ಮಂಜಾದ ಫೋಟೋನ ಯಾವ ಶಾರ್ಪನಿಂಗೂ ಉಳಿಸಲ್ಲ.

ಕಳಿಸುವಾಗ ಜೆಪೆಗ್, ಎಸ್‌ಆರ್‌ಜಿಬಿ ಬಣ್ಣದಲ್ಲಿ, ಗರಿಷ್ಠ ಕ್ವಾಲಿಟಿ. 6000×4000 ಇದ್ದದ್ದನ್ನ 4200×2800ಕ್ಕೆ ಇಳಿಸಿ. ಸುಮಾರು 12 ಮೆಗಾಪಿಕ್ಸೆಲ್ ಉಳಿಯುತ್ತೆ, ಸಣ್ಣ ನಾಯ್ಸ್ ಅಲ್ಲೇ ಕರಗುತ್ತೆ. ಇರೋದಕ್ಕಿಂತ ದೊಡ್ಡದು ಮಾತ್ರ ಮಾಡಬೇಡಿ. ವಾಪಸ್ ಬಂದ ಜೆಪೆಗ್ ಮೇಲೇ ರಿಪೇರಿ ಮಾಡಿ ಮತ್ತೆ ಸೇವ್ ಮಾಡಿದರೆ ಕಂಪ್ರೆಶನ್ ಕಲೆಗಳು ಇನ್ನಷ್ಟು ಸೇರುತ್ತವೆ. ರಾ ಫೈಲ್ ತೆಗೆದು, ಎಲ್ಲಾ ಸ್ಲೈಡರ್ ಸೊನ್ನೆ ಮಾಡಿ, ಮೊದಲಿಂದ ಶುರುಮಾಡಿ.