ಬರೆಯದೆ ಬಿಟ್ಟ 44 ಆಟಗಳು

ನಾನು ಆಪ್ತಸಮಾಲೋಚಕಿ. ನನ್ನ ಬಳಿ ಬಂದ ಒಬ್ಬರ ಕಥೆ ಇದು; ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ ನಿಷೇಧಿಸುವ 2025ರ ಕಾನೂನು ಬರುವ ಮೊದಲು ಬರೆದದ್ದು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಇವರನ್ನು 'ಸ' ಎಂದು ಕರೆಯುತ್ತೇನೆ. ವಯಸ್ಸು ಮೂವತ್ತು ದಾಟಿದೆ. ಕೆಲಸವಿದೆ, ಮದುವೆಯಾಗಿದೆ. ಮೂರು ವರ್ಷದಿಂದ ಆನ್‌ಲೈನ್‌ನಲ್ಲಿ ಪೋಕರ್ ಎಂಬ ಇಸ್ಪೀಟ್ ಆಟದ ಟೂರ್ನಮೆಂಟ್‌ಗಳನ್ನು ದುಡ್ಡು ಕಟ್ಟಿ ಆಡುತ್ತಿದ್ದರು.

ಮೊದಲ ದಿನ ಬಂದು ಕೂತವರೇ, "ಮೇಡಂ, ನನಗೆ ಚಟ ಇಲ್ಲ. ನನ್ನ ರಿಸಲ್ಟ್ ಸುಧಾರಿಸಬೇಕು ಅಷ್ಟೆ. ತಲೆ ತಣ್ಣಗಿದ್ರೆ ನಾನು ಗೆಲ್ತೀನಿ. ಅದಕ್ಕೆ ಏನಾದ್ರೂ ಹೇಳಿಕೊಡಿ" ಎಂದರು.

"ಆಟ ಬಿಡಿ" ಎಂದು ಹೇಳಿ ಕಳಿಸುವುದು ಸುಲಭ. ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಎರಡನೇ ಸಲ ಬರುತ್ತಿರಲಿಲ್ಲ. ಅದೂ ಅಲ್ಲದೆ, ಅವರು ಕೇಳಿದ್ದು ನಿಜವಾದ ಪ್ರಶ್ನೆ. ಪೋಕರ್‌ನಲ್ಲಿ ಅದೃಷ್ಟದ ಜೊತೆ ಕಲಿಯುವುದೂ ಇದೆ. ಅವರು ಓದಿದ್ದರು, ಲೆಕ್ಕ ಗೊತ್ತಿತ್ತು. ಅವರ ಪ್ರಶ್ನೆಯಿಂದಲೇ ಶುರು ಮಾಡಿದೆವು.

ಮೊದಲು ಬಂದದ್ದು ದೂರು. ಕೈಯಲ್ಲಿ ಎರಡು ಎಕ್ಕ, ಎದುರಾಳಿಗೆ ಎರಡು ರಾಜ. ಇಬ್ಬರೂ ಆಲ್-ಇನ್, ಅಂದರೆ ತಮ್ಮ ಹತ್ತಿರವಿದ್ದ ಎಲ್ಲ ಚಿಪ್ಸ್ (ಆಟದ ಬಿಲ್ಲೆಗಳು) ಪಣಕ್ಕಿಟ್ಟಿದ್ದರು. ಮೇಜಿನ ಮೇಲೆ ಬಿದ್ದ ಕೊನೆಯ ಎಲೆ ಇನ್ನೊಂದು ರಾಜ, ಮೂರು ರಾಜದ ಮುಂದೆ ಇವರು ಸೋತರು. "ಯಾವಾಗಲೂ ನನಗೇ ಹೀಗೆ" ಎಂದರು. ಈ ಜೋಡಿಯಲ್ಲಿ ಎಕ್ಕ ಹಿಡಿದವರು ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತಾರೆ. ಅದು ಅವರಿಗೆ ಬಾಯಿಪಾಠ. ನಾನು ಒಂದು ಹಾಳೆ ಕೊಟ್ಟು, ಒಂದೇ ಟೂರ್ನಮೆಂಟ್‌ನಲ್ಲಿ ಐದು ಸಲ ಎಲ್ಲ ಚಿಪ್ಸ್ ಇಟ್ಟು ಆಡಬೇಕಾಗಿ ಬಂತು, ಪ್ರತಿ ಸಲವೂ ಗೆಲ್ಲುವ ಅವಕಾಶ ನೂರಕ್ಕೆ 80 ಇತ್ತು ಅಂತಿಟ್ಟುಕೊಳ್ಳಿ, ಐದೂ ದಾಟುವ ಅವಕಾಶ ಎಷ್ಟು ನೋಡಿ ಎಂದೆ. ಗುಣಿಸಿದರು. ನೂರಕ್ಕೆ 33 ಬಂತು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಂದ್ರೆ ನಾನು ಸರಿಯಾಗೇ ಆಡಿದ್ರೂ ಮೂರರಲ್ಲಿ ಎರಡು ಸಲ ಹೊರಗೆ ಹೋಗ್ತೀನಾ?"

ಹೌದು. ಇನ್ನೊಂದು ಲೆಕ್ಕವನ್ನೂ ಮಾಡಿದೆವು. ಟೂರ್ನಮೆಂಟ್‌ಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹದಿನೈದು ಜನರಿಗೆ ಮಾತ್ರ ಬಹುಮಾನ. ಅದರಲ್ಲೂ ದೊಡ್ಡ ಪಾಲು ಮೇಲಿನ ಕೆಲವೇ ಸ್ಥಾನಗಳಿಗೆ. ಹದಿನೈದು ಎಂದೇ ಹಿಡಿದರೂ, ಸಾಧಾರಣ ಆಟಗಾರ ಸತತ ಹತ್ತು ಟೂರ್ನಮೆಂಟ್‌ನಲ್ಲಿ ಬರಿಗೈಲಿ ಎದ್ದು ಬರುವ ಸಾಧ್ಯತೆ ಐದರಲ್ಲಿ ಒಂದು. ಅವರು ಮಾತ್ರ ಪ್ರತಿ ಭಾನುವಾರ ರಾತ್ರಿ ಆ ವಾರದ ರಿಸಲ್ಟ್ ನೋಡಿ ತಾವು ಬುದ್ಧಿವಂತರೋ ದಡ್ಡರೋ ಎಂದು ತೀರ್ಮಾನ ಮಾಡುತ್ತಿದ್ದರು. ಒಂದು ವಾರದ ಆಟದಿಂದ ಅದು ಗೊತ್ತಾಗುವುದಿಲ್ಲ. ನೂರಾರು ಆಟ ಬೇಕು. ಅಷ್ಟು ಆಡಿದ ಮೇಲೂ, ಪ್ರತಿ ಪ್ರವೇಶದಲ್ಲಿ ಆಡಿಸುವವರ ಶುಲ್ಕ ಕಳೆಯುವುದರಿಂದ, ಉಳಿದವರಷ್ಟೇ ಚೆನ್ನಾಗಿ ಆಡುವವರಿಗೆ ಕೊನೆಗೆ ಉಳಿಯುವುದು ನಷ್ಟವೇ.

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅಂದವಾದ ಅಕ್ಷರ. ಮೂರು ತಿಂಗಳಲ್ಲಿ 96 ಆಟ, 14 ಸಲ ಬಹುಮಾನ, ಸ್ವಲ್ಪ ಲಾಭ. ಮುಂದಿನ ಸಲ ಬರುವಾಗ ಖಾತೆಯ ಪೂರ್ತಿ ಇತಿಹಾಸ ತನ್ನಿ ಎಂದೆ. ಅದರಲ್ಲಿ 140 ಆಟಗಳಿದ್ದವು.

ನಲವತ್ತನಾಲ್ಕು ಎಲ್ಲಿ ಹೋದವು? ಎಲ್ಲವೂ ರೀ-ಎಂಟ್ರಿಗಳು, ಅಂದರೆ ಹೊರಬಿದ್ದ ಟೂರ್ನಮೆಂಟ್‌ಗೇ ಮತ್ತೆ ದುಡ್ಡು ಕಟ್ಟಿ ಹೊಕ್ಕದ್ದು, ಇಲ್ಲವೇ ಸೋತ ಮೇಲೆ ತಡರಾತ್ರಿ ಹೊಕ್ಕ ಇನ್ನೊಂದು ಟೂರ್ನಮೆಂಟ್. ಅವುಗಳಲ್ಲಿ ಮೂರು ಸಲ ಮಾತ್ರ ಬಹುಮಾನ. ಈ ಮೂರು ಎಂಬ ಸಂಖ್ಯೆಯ ಮೇಲೆ ನಾನು ಜಾಸ್ತಿ ಭಾರ ಹಾಕುವುದಿಲ್ಲ, ಅದೂ ಅದೃಷ್ಟ ಇರಬಹುದು. ನನ್ನ ಕಣ್ಣಿಗೆ ಬಿದ್ದದ್ದು ಸಮಯ. 44ರಲ್ಲಿ 36 ಸಲ, ಸೋತ ಐದೇ ನಿಮಿಷದೊಳಗೆ ಮತ್ತೆ ದುಡ್ಡು ಕಟ್ಟಿದ್ದರು. ತಡವಾಗಿ ಹೊಕ್ಕರೆ ಬ್ಲೈಂಡ್, ಅಂದರೆ ಸರದಿಯಂತೆ ಕಡ್ಡಾಯವಾಗಿ ಇಡಬೇಕಾದ ಪಣ, ಏರಿರುತ್ತದೆ. ಶುರುವಿನಲ್ಲಿ ನೂರು ಬ್ಲೈಂಡ್‌ನಷ್ಟಿದ್ದ ಅದೇ ಚಿಪ್ಸ್ ಆಗ ಇಪ್ಪತ್ತಕ್ಕೆ ಇಳಿದಿರುವುದುಂಟು. ಅವರು ತಿಂಗಳುಗಟ್ಟಲೆ ಕಲಿತ ನಿಧಾನದ ಆಟಕ್ಕೆ ಅಲ್ಲಿ ಜಾಗವೇ ಇಲ್ಲ.

"ಇವನ್ನ ಯಾಕೆ ಬರೆಯಲಿಲ್ಲ?"

"ಅವು ನನ್ನ ಆಟ ಅಂತ ಅನ್ನಿಸಲಿಲ್ಲ ಮೇಡಂ."

"ಆ ಐದು ನಿಮಿಷದಲ್ಲಿ ನಿಮಗೆ ಬೇಕಾಗಿದ್ದು ಏನು?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಗೆಲುವಲ್ಲ. ಸೋತವನಾಗಿ ಮಲಗೋಕೆ ಆಗ್ತಿರಲಿಲ್ಲ" ಎಂದರು.

ನಮ್ಮ ಕೆಲಸ ನಿಜವಾಗಿ ಶುರುವಾದದ್ದು ಈ ಮಾತಿನಿಂದ. ಆಟಗಾರರು ಇದನ್ನು ಟಿಲ್ಟ್ ಎನ್ನುತ್ತಾರೆ, ಏನೋ ಆಟದ ತಾಂತ್ರಿಕ ದೋಷ ಅನ್ನುವ ಹಾಗೆ. ನನಗೆ ಅದು ನೋವಾಗಿ ಕಂಡಿತು. ಹಲ್ಲು ಕಚ್ಚುವುದು, ಕಿವಿ ಬಿಸಿಯಾಗುವುದು, ಬೆರಳು ತಾನಾಗಿ ಪರದೆ ಒತ್ತುವುದು. ಎಷ್ಟು ಪುಸ್ತಕ ಓದಿದ್ದರೂ ಆ ಹೊತ್ತಿಗೆ ಅದು ನೆನಪಿಗೆ ಬರುವುದಿಲ್ಲ.

ಜೂಜಿನ ತೊಂದರೆ ಇದೆಯಾ ಎಂದು ಮೊದಲು ತಿಳಿಯಲು ನಾವು ಕೇಳುವ ಎರಡು ಪ್ರಶ್ನೆಗಳಿವೆ. ಹಣ ಹೆಚ್ಚಿಸುತ್ತಾ ಹೋಗಬೇಕು ಅನ್ನಿಸಿದೆಯಾ? ಎಷ್ಟು ಆಡಿದಿರಿ ಎಂದು ಹತ್ತಿರದವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯಾ? ಎರಡನೆಯದಕ್ಕೆ ಅವರು ತಲೆ ತಗ್ಗಿಸಿದರು. ಪತ್ನಿಗೆ ಗೊತ್ತಿದ್ದದ್ದು ನೋಟ್‌ಬುಕ್‌ನ ಲೆಕ್ಕ ಮಾತ್ರ. ಮನೋವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿ 2013ರಲ್ಲಿ ಜೂಜಿನ ತೊಂದರೆಯನ್ನು ಚಟಗಳ ಅಧ್ಯಾಯಕ್ಕೇ ಸೇರಿಸಿತು. ಅದರ ಒಂಬತ್ತು ಲಕ್ಷಣಗಳಲ್ಲಿ ಒಂದು ವರ್ಷದೊಳಗೆ ನಾಲ್ಕು ಇದ್ದರೆ ರೋಗ ಎನ್ನುತ್ತಾರೆ. ಇವರಲ್ಲಿ ನನಗೆ ಮೂರು ಸ್ಪಷ್ಟವಾಗಿ ಕಂಡವು: ಕಳೆದದ್ದನ್ನು ಹಿಂದೆ ಪಡೆಯಲು ಆಡುವುದು, ಮನಸ್ಸು ಕೆಟ್ಟಾಗ ಆಡುವುದು, ಮುಚ್ಚಿಡುವುದು. ಮೂರೇ ಅಲ್ವಾ ಎಂದು ಸಮಾಧಾನ ಪಡುವ ಹಾಗಿಲ್ಲ ಎಂದು ನೇರವಾಗಿ ಹೇಳಿದೆ. ರೋಗ ಹೌದೋ ಅಲ್ಲವೋ ಎಂದು ಹೇಳಬೇಕಾದವರು ವೈದ್ಯರು. ಅವರ ಬಳಿಗೂ ಕಳಿಸಿದೆ.

ಸಲಹೆಯಲ್ಲಿ ಮೊದಲನೆಯದು ಮೂರು ವಾರ ಪೂರ್ತಿ ಬಿಡುವು. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು, ಖಾತೆಯಲ್ಲೇ ತಮ್ಮನ್ನು ತಾವು ತಡೆಹಿಡಿಯುವ ಸೌಲಭ್ಯ ಇರುತ್ತದೆ, ಅದನ್ನು ಒತ್ತಿಬಿಡಿ ಎಂದೆ. ಆ ಮೂರು ವಾರ ದಾಟಲು ಆಗದಿದ್ದರೆ ರಿಸಲ್ಟ್ ಸುಧಾರಿಸುವ ಮಾತೇ ಇಲ್ಲ, ಆಟವನ್ನೇ ನಿಲ್ಲಿಸಬೇಕು ಎಂದೂ ಹೇಳಿದೆ. ದಾಟಿ, ವೈದ್ಯರೂ ಬೇಡವೆನ್ನದೆ, ಮತ್ತೆ ಆಡುವುದಾದರೆ ರೀ-ಎಂಟ್ರಿ ಇಲ್ಲ. ಖಾತೆಗೆ ಹಾಕುವ ಹಣಕ್ಕೆ ಮಿತಿ. ಆಟ ಶುರುವಾಗುವ ಮೊದಲೇ ನೋಟ್‌ಬುಕ್‌ನಲ್ಲಿ ಬರೆಯಬೇಕು. ಹೊರಬಿದ್ದ ತಕ್ಷಣ ಫೋನ್ ಬೇರೆ ಕೋಣೆಗೆ. ಮರುದಿನ ಕಷ್ಟವಾಗಿದ್ದ ಮೂರು ಸುತ್ತುಗಳನ್ನು ಮಾತ್ರ ತೆಗೆದು, ಕೊನೆಗೆ ಯಾರು ಗೆದ್ದರು ಎಂಬುದನ್ನು ಮುಚ್ಚಿಟ್ಟು, ಆಗ ಗೊತ್ತಿದ್ದಷ್ಟರಲ್ಲಿ ನಿರ್ಧಾರ ಸರಿಯಿತ್ತಾ ಎಂದು ನೋಡಬೇಕು. ಸುಧಾರಣೆ ಅಂತ ಏನಾದರೂ ಇದ್ದರೆ ಅಲ್ಲಿ ಕಾಣುತ್ತದೆ. ಇದೆಲ್ಲಕ್ಕಿಂತ ಕಷ್ಟದ್ದು, ಪತ್ನಿಗೆ ಪೂರ್ತಿ ಮೊತ್ತ ಹೇಳುವುದು.

ಹನ್ನೊಂದನೇ ದಿನ ಬೇರೊಂದು ಕಡೆ ಖಾತೆ ತೆರೆಯಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ನನಗೆ ಫೋನ್ ಮಾಡಿದರು. ನಾಚಿಕೆಯಾಗಿತ್ತು ಅವರಿಗೆ. ನನಗೆ ಆ ಫೋನ್ ತುಂಬಾ ದೊಡ್ಡದು. ಅಂಥ ಐದು ನಿಮಿಷ ನಡೆಯುತ್ತಿರುವಾಗಲೇ ಅವರು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು.

ಮೂರು ವಾರ ಮುಗಿದು ಈಗ ತಿಂಗಳಾಗುತ್ತಾ ಬಂತು. ಇನ್ನೂ ಆಡಿಲ್ಲ. ಆಡುತ್ತೀರಾ ಎಂದು ನಾನೂ ಕೇಳಿಲ್ಲ. ಬಿಟ್ಟುಹೋಗಿದ್ದ 44 ಆಟಗಳನ್ನು ದಿನಾಂಕ, ಗಂಟೆ ಸಮೇತ ಕೆಂಪು ಶಾಯಿಯಲ್ಲಿ ನೋಟ್‌ಬುಕ್‌ಗೆ ಸೇರಿಸಿದ್ದಾರೆ. ಎರಡು ಸಂಜೆ ಹಿಡಿಯಿತಂತೆ. ಪತ್ನಿಗೆ ಕೊಟ್ಟಾಗ ಅವರು ಎರಡು ದಿನ ಮಾತಾಡಲಿಲ್ಲ. ಮುಂದಿನ ವಾರ ಅವರೂ ಬರುತ್ತಾರೆ. ನೋಟ್‌ಬುಕ್ ಈಗ ಪತ್ನಿಯ ಹತ್ತಿರವೇ ಇದೆ.