ನಿಮ್ಮ ‘ಸವಣೂರಿನಿಂದ ಸವಾನಾ’ ಲೇಖನದ ಕುರಿತು

ಪ್ರಿಯ ಲೇಖಕರೇ,

ಧಾರವಾಡದ ನಮ್ಮ ಕಚೇರಿಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಉಷ್ಣವಲಯದ ಹುಲ್ಲುಬಯಲಿಗೆ ಜಗತ್ತು ಬಳಸುವ ‘ಸವಾನಾ’ ಎಂಬ ಹೆಸರು ಹಾವೇರಿ ಜಿಲ್ಲೆಯ ಸವಣೂರಿನಿಂದ ಹುಟ್ಟಿ, ಗೋವೆಯ ಪೋರ್ತುಗೀಸರ ಮೂಲಕ ಯುರೋಪಿಗೆ ಹೋಯಿತೆಂಬುದು ನಿಮ್ಮ ವಾದ. ಇದಕ್ಕೆ ನೀವು ಕೊಡುವ ಆಧಾರ ಉಚ್ಚಾರದ ಹೋಲಿಕೆಯೊಂದೇ.

ಪದದ ಮೂಲ ಹುಡುಕುವವರು ಇಂದಿನ ರೂಪವನ್ನು ಬಿಟ್ಟು ಅತ್ಯಂತ ಹಳೆಯ ರೂಪದ ಬಳಿಗೆ ಹೋಗಬೇಕು. 1492ರಲ್ಲಿ ಕೊಲಂಬಸ್ ಕಂಡ ಕೆರಿಬಿಯನ್ ದ್ವೀಪಗಳಲ್ಲಿ ತಾಯ್ನೊ ಜನರಿದ್ದರು. ಬಯಲಿಗೆ ಅವರು ಬಳಸುತ್ತಿದ್ದ ಪದವನ್ನು ಸ್ಪ್ಯಾನಿಷರು ‘ಸವಾನಾ’ ಎಂದು ಕೇಳಿ ಬರೆದುಕೊಂಡರು, ಅದೇ ಇಂದಿನ ಸ್ಪ್ಯಾನಿಷಿನ ‘ಸಬಾನಾ’. ಆ ದ್ವೀಪಗಳಲ್ಲಿದ್ದು ಬರೆದ ಸ್ಪ್ಯಾನಿಷ್ ಇತಿಹಾಸಕಾರ ಒವಿಯೆದೊ, 1535ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಮರಗಳಿಲ್ಲದ ಆದರೆ ಹುಲ್ಲು ಹೇರಳವಾಗಿರುವ ನೆಲಕ್ಕೆ ಈ ಹೆಸರೆಂದು ವಿವರಿಸಿದ್ದಾನೆ. 1555ರ ಹೊತ್ತಿಗೆ ಅದು ಇಂಗ್ಲಿಷಿಗೂ ಬಂದಿತ್ತು. ಅಲ್ಲಲ್ಲಿ ಮರಗಳಿರುವ ಹುಲ್ಲುಬಯಲು ಎಂಬ ಇಂದಿನ ಅರ್ಥ ಆಮೇಲೆ ಬಂದದ್ದು. ಈ ದಾರಿಯಲ್ಲಿ ಎಲ್ಲಿಯೂ ಸವಣೂರು ಸಿಗುವುದಿಲ್ಲ. ಅದರ ಕೊನೆಯ ‘ಊರು’ ಎಲ್ಲಿ ಹೋಯಿತೆಂಬ ಪ್ರಶ್ನೆಗೂ ನಿಮ್ಮಲ್ಲಿ ಉತ್ತರವಿಲ್ಲ.

ನನಗೆ ನಿಜವಾಗಿ ಬೇಸರವಾದದ್ದು ಬೇರೆಯದಕ್ಕೆ. ಆರನೆಯ ಪುಟದಲ್ಲಿ, ಗಾಯರಾಣದಿಂದ ದನ ಹೊಡೆದುಕೊಂಡು ಬಂದ ಅಜ್ಜ, ಕಟ್ಟೆಯ ಮೇಲೆ ಕುಳಿತು, ಧೋತರದ ಅಂಚಿಗೆ ಚುಚ್ಚಿಕೊಂಡ ಹುಲ್ಲಿನ ಮುಳ್ಳುಬೀಜಗಳನ್ನು ಒಂದೊಂದಾಗಿ ಕೀಳುವ ಚಿತ್ರವಿದೆ. ಅಷ್ಟು ಚೆನ್ನಾಗಿ ಕಂಡದ್ದನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿ ಮತ್ತೆ ಸವಣೂರಿನ ನವಾಬರ ಕಾಲಕ್ಕೆ ಓಡಿದ್ದೀರಿ. ಅಲ್ಲಿಯೇ ನಿಂತಿದ್ದರೆ ನಮ್ಮದೇ ಪದವೊಂದು ನಿಮ್ಮ ಕೈಗೆ ಸಿಗುತ್ತಿತ್ತು. ‘ಹುಲ್ಲು’ ಮತ್ತು ‘ಕಾವಲು’ ಕೂಡಿ, ಆದೇಶಸಂಧಿಯಲ್ಲಿ ಕಕಾರ ಗಕಾರವಾಗಿ ‘ಹುಲ್ಲುಗಾವಲು’ ಆಗಿದೆ. ತಾಯ್ನೊ ಪದ ಕಣ್ಣಿಗೆ ಕಾಣುವ ಬಯಲನ್ನು ಹೆಸರಿಸಿದರೆ, ಕನ್ನಡದ ಪದ ಆ ಬಯಲನ್ನು ಯಾರೋ ಕಾಯುತ್ತಿದ್ದರೆಂಬುದನ್ನೂ ಹೇಳುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗಗಳಿಗಾಗಿ 1974ರಲ್ಲಿ ಅಭಯಾರಣ್ಯ ಘೋಷಣೆಯಾದದ್ದನ್ನೂ ನೀವು ಬರೆದಿದ್ದೀರಿ. ಹುಲ್ಲನ್ನೇ ನೆಚ್ಚಿ ಬದುಕುವ ಚಿಗರಿಗೆ ‘ಅರಣ್ಯ’ದ ಹೆಸರಿನಲ್ಲಿ ರಕ್ಷಣೆ ಸಿಕ್ಕಿತೆಂಬುದು ಪದಗಳ ಬಗ್ಗೆ ಬರೆಯುವವರು ಗಮನಿಸಲೇಬೇಕಾದ ಸಂಗತಿ.

ಸವಣೂರಿನ ವಾದವನ್ನು ಪೂರ್ತಿ ಕೈಬಿಡಿ. ಅಜ್ಜನ ಕಟ್ಟೆಯಿಂದ ಆರಂಭಿಸಿ, ಅವರು ಯಾವ ಹುಲ್ಲಿಗೆ ಏನೆನ್ನುತ್ತಿದ್ದರೆಂದು ಮನೆಯ ಹಿರಿಯರನ್ನು ಕೇಳಿ ಬರೆದು ಕಳಿಸಿ. ನಾನೇ ಓದುತ್ತೇನೆ.

ಇಂತಿ,
ಸಂಪಾದಕ