ಬ್ರಿಟನ್ನಿನಲ್ಲಿ ನಾವೇ ಕ್ಯಾಂಪರ್ ಮಾಡಿಕೊಂಡ ವ್ಯಾನನ್ನು ಜರ್ಮನಿಯಲ್ಲಿ ನೋಂದಾಯಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ವ್ಯಾನಿನೊಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಡೀಸೆಲ್ ಹೀಟರು, ಹಿಂದೆ ಎರಡು ಸೀಟು ಎಲ್ಲ ಕೂತಿವೆ. ಆದರೆ ಬ್ರಿಟಿಷ್ ನೋಂದಣಿ ಪತ್ರ ವಿ5ಸಿಯಲ್ಲಿ ಅದು ಇನ್ನೂ ‘ಪ್ಯಾನೆಲ್ ವ್ಯಾನ್’. ಕೆಲವೇ ತಿಂಗಳಲ್ಲಿ ಜರ್ಮನಿಗೆ ಮನೆ ಬದಲಾಗುತ್ತಿದೆ, ಎಲ್ಲಿಂದ ಶುರು ಮಾಡಬೇಕು?

ಹೆಚ್ಚಿನವರು ಅಲ್ಲಿ ಹೋಗಿ ವಾಹನ ಪರೀಕ್ಷೆಯಿಂದ ಶುರು ಮಾಡುತ್ತಾರೆ. ಅದು ತಲೆಕೆಳಗು. ಕಸ್ಟಮ್ಸ್‌ನಿಂದ ಶುರು ಮಾಡಿ, ಅದೂ ಬ್ರಿಟನ್ನಿನಲ್ಲಿ ಇರುವಾಗಲೇ. 2021ರ ಜನವರಿ 1ರಿಂದ ಬ್ರಿಟನ್ನಿನ ವ್ಯಾನು ಜರ್ಮನಿಯ ಮಟ್ಟಿಗೆ ಆಮದು ಸರಕು. ಕಾರು ಅಥವಾ ಮೋಟಾರ್‌ಹೋಮ್ ಎಂದು ಪರಿಗಣಿಸಿದರೆ 10% ಸುಂಕ, ಅದರ ಮೇಲೆ 19% ವ್ಯಾಟ್. ಸರಕು ಸಾಗಣೆಯ ವಾಹನ ಎಂದು ಪರಿಗಣಿಸಿದರೆ, 2,500 ಸಿಸಿ ಮೀರಿದ ಡೀಸೆಲ್ ಎಂಜಿನ್ನಿಗೆ ಸುಂಕವೇ 22%.

ಮನೆ ಬದಲಿಸುವವರಿಗೆ ಇದೆಲ್ಲದರಿಂದ ಪೂರ್ತಿ ವಿನಾಯಿತಿ ಉಂಟು, ಜರ್ಮನಿಯಲ್ಲಿ ಅದನ್ನು ‘ಊಬರ್‌ಸೀಡ್ಲುಂಗ್ಸ್‌ಗೂಟ್’ ಅನ್ನುತ್ತಾರೆ. ನೀವು ಕನಿಷ್ಠ 12 ತಿಂಗಳು ಯುರೋಪಿಯನ್ ಒಕ್ಕೂಟದ ಹೊರಗೆ ವಾಸವಾಗಿರಬೇಕು. ವ್ಯಾನು ಹೊರಡುವ ಮುನ್ನ ಕನಿಷ್ಠ 6 ತಿಂಗಳು ನಿಮ್ಮ ಹೆಸರಲ್ಲಿದ್ದು ನೀವು ಬಳಸಿರಬೇಕು. ನೆಲೆ ಬದಲಾದ 12 ತಿಂಗಳೊಳಗೆ ತರಬೇಕು, ತಂದ ಮೇಲೆ 12 ತಿಂಗಳು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಎರವಲೂ ಕೊಡುವಂತಿಲ್ಲ. ಈ ವಿನಾಯಿತಿ ಖಾಸಗಿ ವಾಹನಕ್ಕೆ ಮಾತ್ರ, ವಾಣಿಜ್ಯ ಸಾಗಣೆಯ ವಾಹನಕ್ಕೆ ಇಲ್ಲ. ಅಂದರೆ ನಿಮ್ಮ ವಿ5ಸಿಯ ‘ಪ್ಯಾನೆಲ್ ವ್ಯಾನ್’ ಅನ್ನುವ ಎರಡು ಪದ ಸಾವಿರಾರು ಯೂರೋಗಳ ಪ್ರಶ್ನೆಯಾಗಬಹುದು.

ಹಾಗಾಗಿ ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್ಎಗೆ ಅರ್ಜಿ ಹಾಕಿ ‘ಮೋಟಾರ್ ಕ್ಯಾರವಾನ್’ ಎಂದು ಬದಲಿಸಿಕೊಳ್ಳಲು ಈಗಲೇ ಪ್ರಯತ್ನಿಸಿ. ಅವರು ಒಳಗಿನ ಮಂಚ-ಒಲೆಗಿಂತ ಹೊರಗಿನಿಂದ ನೋಡಿದರೆ ಕ್ಯಾಂಪರ್ ಎಂದು ಗೊತ್ತಾಗುತ್ತದೆಯೇ ಎಂಬುದನ್ನೇ ಮುಖ್ಯವಾಗಿ ನೋಡುತ್ತಾರೆ: ಒಂದು ಬದಿಯಲ್ಲಾದರೂ ಎರಡು ಕಿಟಕಿ, ವಾಸದ ಭಾಗಕ್ಕೆ ಪ್ರತ್ಯೇಕ ಬಾಗಿಲು, ಎರಡೂ ಬದಿಗೆ ಕ್ಯಾಂಪರ್ ಶೈಲಿಯ ಗ್ರಾಫಿಕ್ಸು, ಬಿಸಿಲುಮರೆ ಕಟ್ಟುವ ಪಟ್ಟಿ, ಎತ್ತರದ ಸ್ಥಿರ ಛಾವಣಿ. ಮೇಲೇಳುವ ಛಾವಣಿ ಲೆಕ್ಕಕ್ಕಿಲ್ಲ. ಎಷ್ಟೋ ಅರ್ಜಿಗಳು ‘ಕಿಟಕಿಯಿರುವ ವ್ಯಾನ್’ ಎಂಬಲ್ಲಿಗೆ ನಿಲ್ಲುತ್ತವೆ. ಹಾಗಾದರೂ ಕೈಚೆಲ್ಲಬೇಡಿ: ಕ್ಯಾಂಪರ್ ಎಂದು ಮಾಡಿಸಿದ ವಿಮೆ, ಒಳಗಿನ ಫೋಟೋ, ಸಾಮಗ್ರಿಗಳ ಬಿಲ್ಲು, ಕ್ಯಾಂಪ್‌ಸೈಟಿನ ರಸೀದಿ ಎಲ್ಲ ಸೇರಿ ಖಾಸಗಿ ಬಳಕೆಗೆ ಆಧಾರವಾಗುತ್ತವೆ. ಆ ಕಡತವನ್ನು ಇಟ್ಟುಕೊಂಡು ನೀವು ನೆಲೆಸಲಿರುವ ಊರಿನ ಕಸ್ಟಮ್ಸ್ ಕಚೇರಿಗೆ ಮೊದಲೇ ಬರೆಯಿರಿ. ವಿನಾಯಿತಿ ಸಿಗುತ್ತದೆಯೇ ಎಂಬುದರ ಜೊತೆಗೆ, ಫ್ರಾನ್ಸಿನ ಕ್ಯಾಲೇಯಂಥ ಬಂದರಿನಲ್ಲೇ ಕೆಲಸ ಮುಗಿಸಬೇಕೋ ಅಥವಾ ಸುಂಕದ ಕೆಲಸ ಮುಗಿಯುವ ಮುನ್ನ ಸಾಗಿಸಲು ಬಿಡುವ ಟ್ರಾನ್ಸಿಟ್ ದಾಖಲೆ ಮಾಡಿಸಿ ಅವರ ಕಚೇರಿಗೇ ತರಬೇಕೋ ಎಂದೂ ಕೇಳಿ. ಕೊನೆಗೆ ನಿಮ್ಮ ಕೈಗೆ ಬರಬೇಕಾದದ್ದು ‘ಉನ್‌ಬೆಡೆಂಕ್ಲಿಶ್‌ಕೈಟ್ಸ್‌ಬೆಶೈನಿಗುಂಗ್’, ಅಂದರೆ ಕಸ್ಟಮ್ಸ್ ಕಡೆಯಿಂದ ಅಡ್ಡಿಯಿಲ್ಲ ಎಂಬ ಪತ್ರ. ಅದಿಲ್ಲದೆ ನೋಂದಣಿ ಕೌಂಟರಿನಲ್ಲಿ ಮುಂದಿನ ಮಾತಿಲ್ಲ.

ವಿ5ಸಿಯಲ್ಲಿ ಶಾಶ್ವತ ರಫ್ತಿನ ಭಾಗ ಒಂದಿದೆ. ಅದನ್ನಷ್ಟೇ ತುಂಬಿ, ಹರಿದು ಡಿವಿಎಲ್ಎಗೆ ಕಳಿಸಿ. ಉಳಿದ ಮೂಲ ಪತ್ರವನ್ನು ಯಾರಿಗೂ ಅಂಚೆಯಲ್ಲಿ ಕಳಿಸಬೇಡಿ, ಜರ್ಮನಿಯಲ್ಲಿ ಅದು ಬೇಕೇ ಬೇಕು.

ಇನ್ನು ಪರೀಕ್ಷೆ. ಟ್ಯೂಫ್, ಡೆಕ್ರಾ, ಜಿಟಿಯು, ಕೆಯುಎಸ್ ಎಂಬ ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ ಯಾವುದಕ್ಕಾದರೂ ಹೋಗಬಹುದು, ಆದರೆ ಅಲ್ಲಿನ ವಾಹನ ನಿಯಮಾವಳಿಯ 21ನೇ ಕಲಮಿನಡಿ ಪೂರ್ಣ ವರದಿ ಕೊಡುವ ಅಧಿಕಾರವಿರುವ ತಜ್ಞ ಬೇಕು, ಎಲ್ಲ ಶಾಖೆಯಲ್ಲೂ ಇರುವುದಿಲ್ಲ. ಜೊತೆಗೆ ಸಾಮಾನ್ಯ ಸುರಕ್ಷತಾ ಪರೀಕ್ಷೆಯೂ ಹೊಸದಾಗಿ ಆಗಬೇಕು, ಬ್ರಿಟನ್ನಿನ ವಾರ್ಷಿಕ ಪರೀಕ್ಷೆ ಎಂಓಟಿ ಅದಕ್ಕೆ ಬದಲಿಯಲ್ಲ. ತಯಾರಕರಿಂದ ವಾಹನದ ಅನುಸರಣಾ ಪತ್ರ, ಅಂದರೆ ಸಿಓಸಿ, ತರಿಸಿಟ್ಟುಕೊಳ್ಳಿ. ಅದು ಮೂಲ ವ್ಯಾನಿನದು, ಸರಕು ವಾಹನದ ಎನ್1 ವರ್ಗದ್ದು. ಮೋಟಾರ್‌ಹೋಮ್ ಎಂದರೆ ಎಂ1 ವರ್ಗ. ಈ ವರ್ಗ ಬದಲಾವಣೆಯನ್ನು ಸಮರ್ಥಿಸುವುದೇ ಆ ತಜ್ಞರ ಕೆಲಸ, ಅದಕ್ಕೆ ಬೇಕಾದ ಕಾಗದ ಒದಗಿಸುವುದು ನಿಮ್ಮ ಕೆಲಸ.

ಯುರೋಪಿನ ನಿಯಮ ವಾಸದ ಭಾಗದಲ್ಲಿ ಕೇಳುವುದು ನಾಲ್ಕೇ: ಸೀಟು ಮತ್ತು ಮೇಜು, ಮಲಗುವ ಜಾಗ, ಅಡುಗೆಯ ವ್ಯವಸ್ಥೆ, ಸಾಮಾನು ಇಡುವ ಕಪಾಟು. ಸೀಟನ್ನೇ ಹಾಸಿಗೆಯಾಗಿ ಬಿಚ್ಚಿಕೊಳ್ಳುವಂತೆ ಮಾಡಿದ್ದರೂ ಸಾಕು. ಎಲ್ಲವೂ ಗಟ್ಟಿಯಾಗಿ ಕೂತಿರಬೇಕು, ಮೇಜು ಮಾತ್ರ ಕಳಚುವಂಥದ್ದಾಗಿರಬಹುದು. ಡ್ರಾಯರಿನಿಂದ ಎತ್ತಿಕೊಂಡು ಹೊರಗೆ ಬಳಸುವ ಕಾರ್ಟ್ರಿಜ್ ಒಲೆಯನ್ನು ‘ಅಡುಗೆ ವ್ಯವಸ್ಥೆ’ ಎಂದು ತೋರಿಸಿದರೆ ನಡೆಯುವುದಿಲ್ಲ.

ಅತಿ ಹೆಚ್ಚು ವ್ಯಾನುಗಳು ಸಿಕ್ಕಿಬೀಳುವುದು ಹಿಂದಿನ ಸೀಟಿನಲ್ಲಿ. ಬ್ರಿಟನ್ನಿನಲ್ಲಿ ಮಡಚುವ ಹಾಸಿಗೆ-ಸೀಟುಗಳಿಗೆ ‘ಎಳೆದು ಪರೀಕ್ಷಿಸಿದ್ದು’ ಎಂಬ ಪ್ರಮಾಣಪತ್ರ ಕೊಡುತ್ತಾರೆ. ಜರ್ಮನಿಯ ತಜ್ಞ ಕೇಳುವುದು ಸೀಟಿನದಷ್ಟೇ ಅಲ್ಲ: ಬೆಲ್ಟಿನ ಆಧಾರಗಳು ವಿಶ್ವಸಂಸ್ಥೆಯ ವಾಹನ ನಿಯಮ ಆರ್14ರಂತೆ ಇದೇ ಮಾದರಿಯ ವ್ಯಾನಿನ ನೆಲದಲ್ಲಿ ಪರೀಕ್ಷೆಯಾಗಿವೆಯೇ, ನೀವು ಅದೇ ಬೋಲ್ಟು, ಅದೇ ಪ್ಲೇಟು, ಅದೇ ಜಾಗ ಬಳಸಿದ್ದೀರಾ ಎಂಬುದು. ಬೆಲ್ಟು ಎಳೆದಾಗ ಹರಿಯುವುದು ಸೀಟಿನ ಚೌಕಟ್ಟಲ್ಲ, ತೆಳ್ಳಗಿನ ನೆಲದ ತಗಡು. ಆದ್ದರಿಂದ ಅವರ ಹಟ ನ್ಯಾಯವಾದದ್ದೇ. ಪ್ರಮಾಣಪತ್ರದಲ್ಲಿ ನಿಮ್ಮ ವ್ಯಾನಿನ ಮಾದರಿ, ತಲೆಮಾರು ಬರೆದಿಲ್ಲದಿದ್ದರೆ ತಯಾರಕರಿಂದ ಪೂರ್ತಿ ಪರೀಕ್ಷಾ ವರದಿ ತರಿಸಿ. ಸಿಗದಿದ್ದರೆ ನನ್ನ ಸಲಹೆ: ಆ ಸೀಟುಗಳನ್ನು ಪ್ರಯಾಣದ ಸೀಟಿನ ಲೆಕ್ಕದಿಂದ ತೆಗೆಸಿ, ಬೆಲ್ಟು ಬಿಚ್ಚಿ, ‘ವಾಹನ ನಿಂತಿರುವಾಗ ಮಾತ್ರ’ ಎಂಬ ಚಿಹ್ನೆ ಅಂಟಿಸಿ. ಪಕ್ಕಕ್ಕೆ ಮುಖ ಮಾಡಿದ ಸೀಟಾದರೆ ಬೇರೆ ದಾರಿಯೇ ಇಲ್ಲ.

ಕಿಟಕಿಗಳ ಮೂಲೆಯಲ್ಲಿ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ದೇಶದ ಅಂಕೆ, ಅದರ ಹತ್ತಿರ ಅನುಮೋದನೆ ಸಂಖ್ಯೆ ಕೆತ್ತಿರಬೇಕು. ಬಣ್ಣ, ಟಿಂಟ್ ಫಿಲ್ಮು, ಸಿಲಿಕೋನು ಅದರ ಮೇಲೆ ಕೂತಿದ್ದರೆ ಕೆರೆದು ತೆಗೆಯಿರಿ; ಓದಲಾಗದ ಗುರುತು ಇಲ್ಲದ ಗುರುತಿಗೆ ಸಮ. ಡೀಸೆಲ್ ಹೀಟರಿಗೂ ಇದೇ ಕಥೆ, ಅದಕ್ಕೆ ಹೀಟರುಗಳ ಅಂಥದೇ ನಿಯಮ ಆರ್122ರ ಅನುಮೋದನೆ ಬೇಕು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಹೀಟರುಗಳಲ್ಲಿ ಅದು ಇರುವುದೇ ಅಪರೂಪ. ಇಲ್ಲದಿದ್ದರೆ ಪರೀಕ್ಷೆಗೆ ಮುನ್ನವೇ ಬದಲಿಸಿ. ತಿರುಗುವ ಸೀಟಿನ ತಳಕ್ಕೂ ಅನುಮೋದನೆ ಪತ್ರ ಹುಡುಕಿಟ್ಟುಕೊಳ್ಳಿ. ಚಾಸಿ ಸಂಖ್ಯೆ ಕೊರೆದ ಜಾಗ ಪ್ಲೈವುಡ್ಡಿನ ಅಡಿಗೆ ಹೋಗಿದ್ದರೆ ಅಲ್ಲೊಂದು ಮುಚ್ಚಳ ಕತ್ತರಿಸಿ.

ಗ್ಯಾಸ್ ಇದ್ದರೆ ಜಿ 607 ಎಂಬ ಗ್ಯಾಸ್ ಸುರಕ್ಷತಾ ಪರೀಕ್ಷೆ ಬೇಕು, ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಪೈಪುಗಳಲ್ಲಿ 150 ಮಿಲಿಬಾರ್ ಒತ್ತಡ ತುಂಬಿ ಸೋರಿಕೆ ನೋಡುತ್ತಾರೆ. ಸಿಲಿಂಡರಿನ ಪೆಟ್ಟಿಗೆ ವಾಸದ ಭಾಗಕ್ಕೆ ಗಾಳಿಯಾಡದಂತೆ ಮುಚ್ಚಿರಬೇಕು, ತಳದಲ್ಲಿ ಹೊರಕ್ಕೆ ಕನಿಷ್ಠ 100 ಚದರ ಸೆಂ.ಮೀ. ತೆರಪು ಬೇಕು, ಏಕೆಂದರೆ ಈ ಗ್ಯಾಸು ಗಾಳಿಗಿಂತ ಭಾರ, ಕೆಳಗೇ ಶೇಖರವಾಗುತ್ತದೆ. ರೆಗ್ಯುಲೇಟರು, ರಬ್ಬರ್ ಹೋಸುಗಳ ಮೇಲಿನ ದಿನಾಂಕ 10 ವರ್ಷ ದಾಟಿರಬಾರದು. ಬ್ರಿಟನ್ನಿನ ಸಿಲಿಂಡರನ್ನು ಅಲ್ಲಿ ತುಂಬಿಸಿಕೊಳ್ಳುವುದು ಕಷ್ಟ, ಹಾಗಾಗಿ ಜರ್ಮನಿಯ 5 ಅಥವಾ 11 ಕೆ.ಜಿ. ಸಿಲಿಂಡರು ಆ ಪೆಟ್ಟಿಗೆಯಲ್ಲಿ ಕೂರುತ್ತದೆಯೇ ಎಂದು ಅಳೆಯಿರಿ. ಗ್ಯಾಸು ಬರೀ ಒಂದು ಒಲೆಗಾಗಿಯಾದರೆ ನಾನು ಹೇಳುವುದು, ಅದನ್ನು ಕಿತ್ತು ಸ್ಪಿರಿಟ್ ಒಲೆಯನ್ನೋ ಇಂಡಕ್ಷನ್ನನ್ನೋ ಸ್ಥಿರವಾಗಿ ಕೂರಿಸಿ. ಒಂದಿಡೀ ಪರೀಕ್ಷೆ ಶಾಶ್ವತವಾಗಿ ತಪ್ಪುತ್ತದೆ.

230 ವೋಲ್ಟಿನ ವಿಷಯದಲ್ಲಿ ಒಂದೇ ಮಾತು: ಜರ್ಮನಿಯ ಪ್ಲಗ್ಗನ್ನು ಎರಡೂ ಕಡೆಯಿಂದ ಸಿಕ್ಕಿಸಬಹುದಾದ್ದರಿಂದ ಫೇಸ್-ನ್ಯೂಟ್ರಲ್ ಅದಲುಬದಲಾಗಬಹುದು. ಬ್ರಿಟಿಷ್ ವೈರಿಂಗಿನ ಏಕ ಧ್ರುವ ಬ್ರೇಕರು ಆಗ ತಪ್ಪು ತಂತಿಯನ್ನು ಕಡಿಯುತ್ತದೆ. ದ್ವಿಧ್ರುವ ಬ್ರೇಕರು ಹಾಕಿ, ವಿದ್ಯುತ್ ಸೋರಿಕೆಯಾದೊಡನೆ ಕಡಿಯುವ 30 ಮಿಲಿಆಂಪ್ ಆರ್‌ಸಿಡಿ ಇದೆಯೇ ನೋಡಿಕೊಳ್ಳಿ.

ತೂಕವನ್ನು ಅಂದಾಜಿನ ಮೇಲೆ ಬಿಡಬೇಡಿ, ತೂಕದ ಸೇತುವೆಗೆ ಹೋಗಿ ಆಕ್ಸಲ್ ಆಕ್ಸಲ್ ತೂಗಿಸಿ. ಚಾಲನಾ ಸಿದ್ಧ ತೂಕದಲ್ಲಿ 75 ಕೆ.ಜಿ. ಚಾಲಕ, 90% ಇಂಧನ ಸೇರಿರುತ್ತವೆ. ಅದರ ಮೇಲೆ ಉಳಿದ ಪ್ರತಿ ಪ್ರಯಾಣಿಕರಿಗೆ 75 ಕೆ.ಜಿ. ಮತ್ತು ಕನಿಷ್ಠ ಸಾಮಾನಿನ ಲೆಕ್ಕ: ಚಾಲಕರೂ ಸೇರಿ ಜನರ ಸಂಖ್ಯೆಗೆ ಮೀಟರಿನಲ್ಲಿ ವಾಹನದ ಉದ್ದ ಕೂಡಿಸಿ 10ರಿಂದ ಗುಣಿಸಿ. ನಾಲ್ಕು ಜನ, 6 ಮೀಟರ್ ವ್ಯಾನು ಅಂದರೆ 100 ಕೆ.ಜಿ. ಸಿದ್ಧ ತೂಕ 3,000 ಕೆ.ಜಿ. ಇದ್ದರೆ ಮೂವರು ಪ್ರಯಾಣಿಕರ 225, ಸಾಮಾನಿನ 100 ಸೇರಿ 3,325; ವ್ಯಾನಿನ ಗರಿಷ್ಠ ತೂಕದ ಮಿತಿ 3,500 ಆದರೆ ಪಾಸು. ಸಿದ್ಧ ತೂಕ 3,200 ಆಗಿದ್ದರೆ 3,525, ಆಗ ಒಂದು ಸೀಟು ಬಿಡಬೇಕು ಇಲ್ಲವೇ ಮರಗೆಲಸ ಹಗುರ ಮಾಡಬೇಕು.

ಬಲಗೈ ಸ್ಟೀರಿಂಗ್ ತೊಂದರೆಯಲ್ಲ. ದೀಪ ತೊಂದರೆ. ಹೆಡ್‌ಲೈಟಿನ ಗಾಜಿನ ಮೇಲೆ ‘ಇ’ ಗುರುತಿನ ಬಳಿ ಒಂದೇ ತುದಿಯ ಬಾಣವಿದ್ದರೆ ಅದು ಎಡಬದಿ ಸಂಚಾರದ ದೀಪ, ಬದಲಿಸಲೇಬೇಕು. ಎರಡೂ ತುದಿಗೆ ಮೊನೆಯಿದ್ದರೆ ಎರಡೂ ಸಂಚಾರಕ್ಕೆ ಹೊಂದಿಸಬಹುದು. ಪ್ರವಾಸಿಗರು ಅಂಟಿಸಿಕೊಳ್ಳುವ ಸ್ಟಿಕ್ಕರು ನೋಂದಣಿಗೆ ಆಗುವುದಿಲ್ಲ. ಹಿಂದಿನ ಮಂಜುದೀಪ ಒಂದೇ ಇದ್ದರೆ ಅದು ಎಡಕ್ಕೆ ಅಥವಾ ನಡುವೆ ಇರಬೇಕು. ಸ್ಪೀಡೋಮೀಟರಿನಲ್ಲಿ ಕಿಲೋಮೀಟರ್ ಕಾಣಬೇಕು.

ತಜ್ಞರಿಗೆ ಫೋಟೋ, ತೂಕದ ಚೀಟಿ, ಪ್ರಮಾಣಪತ್ರಗಳನ್ನು ಮೊದಲೇ ಇಮೇಲ್ ಮಾಡಿ, ಏನು ಕೊರತೆ ಎಂದು ಕೇಳಿ. ವರದಿ ಕೈಗೆ ಬಂದ ಮೇಲೆ ನೋಂದಣಿ ಕಚೇರಿಗೆ ಒಯ್ಯಬೇಕಾದವು: ಪಾಸ್‌ಪೋರ್ಟು, ವಿಳಾಸ ನೋಂದಣಿ ಪತ್ರ, ವಿ5ಸಿ, ಸಿಓಸಿ, ಎರಡೂ ಪರೀಕ್ಷೆಯ ವರದಿ, ಕಸ್ಟಮ್ಸ್ ಪತ್ರ, ವಿಮೆ ಇದೆ ಎಂದು ತೋರಿಸಲು ವಿಮಾ ಕಂಪನಿ ಕೊಡುವ ಇವಿಬಿ ಸಂಖ್ಯೆ, ವಾಹನ ತೆರಿಗೆಯನ್ನು ಬ್ಯಾಂಕ್ ಖಾತೆಯಿಂದ ನೇರವಾಗಿ ಕಡಿತ ಮಾಡಲು ಸೆಪಾ ಅನುಮತಿ. ವಿಮೆಯನ್ನು ‘ವೋನ್‌ಮೊಬೀಲ್’, ಅಂದರೆ ಮೋಟಾರ್‌ಹೋಮ್, ಎಂದೇ ಕೇಳಿ, ಬಲಗೈ ಸ್ಟೀರಿಂಗ್ ಮತ್ತು ಸ್ವಂತ ನಿರ್ಮಾಣ ಎಂಬುದನ್ನು ಮೊದಲ ಪತ್ರದಲ್ಲೇ ತಿಳಿಸಿ. ನಿಮ್ಮ ನೆಲೆ ಜರ್ಮನಿಯಾದ ಮೇಲೆ ಹಳೆಯ ನಂಬರ್ ಪ್ಲೇಟಿನಲ್ಲಿ ಓಡಿಸುತ್ತಿರಲು ಆಗದು, ಬ್ರಿಟಿಷ್ ವಿಮೆಯೂ ಹೊಸ ವಿಳಾಸಕ್ಕೆ ನಿಲ್ಲುವ ಖಾತ್ರಿಯಿಲ್ಲ. ಹಾಗಾಗಿ ತಜ್ಞರ ದಿನಾಂಕವನ್ನು ವ್ಯಾನು ಹಡಗು ಹತ್ತುವ ಮೊದಲೇ ಕಾಯ್ದಿರಿಸಿಕೊಳ್ಳಿ.